ಬೆಳಿಗ್ಗೆ ಬರಹಗಾರ, ಮಧ್ಯಾಹ್ನ ನಿರ್ಮಾಪಕ: ಮುಷ್ಕರ ಬಂದರೆ ಯಾರ ಕಡೆ?

ಅಮೆರಿಕದ ಯಾವುದೇ ಟಿವಿ ಸರಣಿಯ ಟೈಟಲ್‌ಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಕೋ-ಪ್ರೊಡ್ಯೂಸರ್, ಪ್ರೊಡ್ಯೂಸರ್, ಸೂಪರ್‌ವೈಸಿಂಗ್ ಪ್ರೊಡ್ಯೂಸರ್, ಕೋ-ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್, ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಅಂತ ಹೆಸರುಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಒಂದು ಸರಣಿಗೆ ಇಷ್ಟೊಂದು ಜನ ದುಡ್ಡು ಹಾಕಿರುತ್ತಾರಾ ಅಂತ ಅನ್ನಿಸುವುದು ಸಹಜ. ಆದರೆ ಇವರಲ್ಲಿ ತುಂಬಾ ಜನ ಒಂದು ಪೈಸೆಯನ್ನೂ ಹಾಕಿದವರಲ್ಲ. ಅವರು ಬರೆಯುವವರು. ಒಂದೇ ಕೋಣೆಯಲ್ಲಿ ಕೂತು ಕಥೆಯನ್ನು ದೃಶ್ಯಗಳಾಗಿ ಬಿಡಿಸಿ, ಎಪಿಸೋಡ್ ಹಂಚಿಕೊಂಡು, ಒಬ್ಬರ ಸ್ಕ್ರಿಪ್ಟನ್ನು ಇನ್ನೊಬ್ಬರು ತಿದ್ದಿ ಸರಣಿಯನ್ನು ನಿಲ್ಲಿಸಿದವರು.

ಹಾಗಾದರೆ ಅವರನ್ನು ನಿರ್ಮಾಪಕರು ಅಂತ ಯಾಕೆ ಕರೆಯುತ್ತಾರೆ? ಮತ್ತು ಹಾಗೆ ಕರೆದ ಮೇಲೆ ಅವರು ಕಾರ್ಮಿಕರಾ, ಮಾಲೀಕರ ಕಡೆಯವರಾ? ಕಾರ್ಮಿಕ ಒಪ್ಪಂದಗಳನ್ನು ಓದುವುದು ನನಗೆ ಮೊದಲಿನಿಂದಲೂ ಇಷ್ಟ. ಆದರೆ ಈ ಒಂದು ಪ್ರಶ್ನೆಯಷ್ಟು ನನ್ನನ್ನು ಹಿಡಿದು ಕೂರಿಸಿದ್ದು ಬೇರೆ ಯಾವುದೂ ಇಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಏಣಿಯ ಮೆಟ್ಟಿಲುಗಳನ್ನು ನೋಡೋಣ. ಅಮೆರಿಕದ ಟಿವಿಯಲ್ಲಿ ಹೊಸದಾಗಿ ಬಂದ ಬರಹಗಾರ ಸ್ಟಾಫ್ ರೈಟರ್. ಆಮೇಲೆ ಸ್ಟೋರಿ ಎಡಿಟರ್, ಎಕ್ಸಿಕ್ಯೂಟಿವ್ ಸ್ಟೋರಿ ಎಡಿಟರ್. ಅಲ್ಲಿಂದ ಮೇಲಕ್ಕೆ ಹೋದರೆ ಪ್ರತಿ ಹುದ್ದೆಯಲ್ಲೂ ಪ್ರೊಡ್ಯೂಸರ್ ಅನ್ನುವ ಪದ ಸೇರಿಕೊಳ್ಳುತ್ತದೆ. ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 22 ಎಪಿಸೋಡ್‌ಗಳ ಸರಣಿ ನಡೆಯುತ್ತಿತ್ತು, ಒಂದು ಸೀಸನ್ ಮುಗಿದರೆ ಒಂದು ಮೆಟ್ಟಿಲು ಹತ್ತುವುದು ರೂಢಿ. ಬರೀ ಹೆಸರಿಗಲ್ಲ, ಕೆಲಸವೂ ಬದಲಾಗುತ್ತಿತ್ತು. ತಾನು ಬರೆದ ಎಪಿಸೋಡ್ ಶೂಟ್ ಆಗುವಾಗ ಸೆಟ್‌ನಲ್ಲಿ ಇರಬೇಕು. ನಟರ ಆಯ್ಕೆಗೆ ಕೂರಬೇಕು. ಎಡಿಟಿಂಗ್‌ಗೆ ಹೋಗಬೇಕು. ಬಜೆಟ್ ಮೀರುತ್ತಿದ್ದರೆ ರಾತ್ರಿಯ ಹೊರಾಂಗಣ ದೃಶ್ಯವನ್ನು ಹಗಲಿನ ಒಳಾಂಗಣ ದೃಶ್ಯ ಮಾಡಿ ಬರೆದುಕೊಡಬೇಕು. ಇದರಲ್ಲಿ ಬರವಣಿಗೆ ಯಾವುದು, ನಿರ್ಮಾಣ ಯಾವುದು ಅಂತ ಗೆರೆ ಎಳೆಯೋಕೆ ಆಗುತ್ತಾ? ನನ್ನ ಪ್ರಕಾರ ಆಗುವುದಿಲ್ಲ.

ಈ ಏಣಿಯ ತುದಿಯಲ್ಲಿ ಇರುವವರು ಶೋರನ್ನರ್. ಇದು ಟೈಟಲ್‌ನಲ್ಲಿ ಕಾಣುವ ಹುದ್ದೆಯೂ ಅಲ್ಲ, ಅಲ್ಲಿ ಅವರ ಹೆಸರಿನ ಮುಂದೆ ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಅಂತಲೇ ಇರುತ್ತದೆ. ಆದರೆ ಇಡೀ ಸರಣಿಯ ಕೊನೆಯ ಮಾತು ಅವರದೇ. ಸಿನಿಮಾದಲ್ಲಿ ನಿರ್ದೇಶಕರಿಗೆ ಇರುವ ಹಿಡಿತ ಅಲ್ಲಿನ ಟಿವಿಯಲ್ಲಿ ಶೋರನ್ನರ್‌ಗೆ ಇರುತ್ತದೆ, ನಿರ್ದೇಶಕರು ಎಪಿಸೋಡಿಗೊಬ್ಬರಂತೆ ಬಂದು ಹೋಗುತ್ತಾರೆ. ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಯಾರನ್ನು ಬಿಡಬೇಕು ಅನ್ನುವುದರಲ್ಲೂ ಶೋರನ್ನರ್ ಮಾತು ನಡೆಯುತ್ತದೆ. ಅಂದರೆ ಕಾನೂನಿನ ಕಣ್ಣಿಗೆ ಅವರು ಮೇಲ್ವಿಚಾರಕರು. ಮತ್ತೆ ಅದೇ ವ್ಯಕ್ತಿ ರೈಟರ್ಸ್ ಗಿಲ್ಡ್ ಆಫ್ ಅಮೆರಿಕದ ಸದಸ್ಯ. ಗಿಲ್ಡ್ ಅನ್ನುವುದು ಬರಹಗಾರರ ಯೂನಿಯನ್. ಪಶ್ಚಿಮ, ಪೂರ್ವ ಅಂತ ಎರಡು ಶಾಖೆ, ಎದುರಿಗೆ ಸ್ಟುಡಿಯೋಗಳ ಪರವಾಗಿ ಎಎಂಪಿಟಿಪಿ ಅನ್ನುವ ಅವರ ಒಕ್ಕೂಟ, ಮಧ್ಯೆ ಕೆಲವು ವರ್ಷಕ್ಕೊಮ್ಮೆ ಹೊಸದಾಗುವ ಒಂದು ದಪ್ಪ ಒಪ್ಪಂದ, ಮಿನಿಮಮ್ ಬೇಸಿಕ್ ಅಗ್ರಿಮೆಂಟ್.

ಇಂಥವರನ್ನು ಅಲ್ಲಿ ಹೈಫನೇಟ್‌ಗಳು ಅಂತಾರೆ. ಬರಹಗಾರ-ನಿರ್ಮಾಪಕ ಅಂತ ಬರೆಯುವಾಗ ನಡುವೆ ಬರುವ ಅಡ್ಡಗೆರೆಯಿಂದ ಬಂದ ಹೆಸರು.

ಸಮಸ್ಯೆ ಎಲ್ಲಿಂದ ಶುರುವಾಗುತ್ತದೆ ಅಂದರೆ, 1947ರ ಟ್ಯಾಫ್ಟ್-ಹಾರ್ಟ್ಲಿ ಕಾಯ್ದೆಯಿಂದ. ಅಮೆರಿಕದ ಕಾರ್ಮಿಕ ಕಾನೂನು ಕೆಲಸಗಾರರಿಗೆ ಯೂನಿಯನ್ ಕಟ್ಟುವ ಹಕ್ಕು ಕೊಟ್ಟಿತ್ತು. ಈ ತಿದ್ದುಪಡಿ ಮೇಲ್ವಿಚಾರಕರನ್ನು ಆ ರಕ್ಷಣೆಯಿಂದ ಹೊರಗಿಟ್ಟಿತು. ಮೇಲ್ವಿಚಾರಕ ಯೂನಿಯನ್ ಸದಸ್ಯ ಆಗಬಾರದು ಅಂತೇನೂ ಇಲ್ಲ. ಆದರೆ ಕಾನೂನು ಅವನನ್ನು ಕೆಲಸಗಾರ ಅಂತ ನೋಡುವುದಿಲ್ಲ, ಮಾಲೀಕನ ಕೈ ಅಂತ ನೋಡುತ್ತದೆ. ಪ್ರೊಡ್ಯೂಸರ್ಸ್ ಗಿಲ್ಡ್ ಆಫ್ ಅಮೆರಿಕ ಅಂತ ಒಂದು ಸಂಸ್ಥೆ ಇದೆಯಲ್ಲ, ಅದು ನಿರ್ಮಾಪಕರ ಪರವಾಗಿ ಸ್ಟುಡಿಯೋಗಳ ಜೊತೆ ಸಂಬಳದ ಚೌಕಾಸಿ ಮಾಡುವ ಯೂನಿಯನ್ ಅಲ್ಲ, ವೃತ್ತಿಪರರ ಸಂಘ ಅಷ್ಟೇ. ಹಾಗಾಗಿ ಬರೆಯುತ್ತಲೇ ನಿರ್ಮಾಪಕನಾದವನಿಗೆ ಸಂಬಳ, ಪಿಂಚಣಿ, ಆರೋಗ್ಯ ವಿಮೆಗೆ ನೆಚ್ಚಿಕೊಳ್ಳಲು ಇರುವುದು ಬರಹಗಾರರ ಗಿಲ್ಡ್ ಮಾತ್ರ. ನಿರ್ಮಾಪಕನ ಟೋಪಿಗೆ ಯೂನಿಯನ್ ಇಲ್ಲ, ಬರಹಗಾರನ ಟೋಪಿಗೆ ಇದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಗಿಲ್ಡ್ ಒಪ್ಪಂದದಲ್ಲಿ ಬರಹಗಾರ ಅಂದರೆ ಯಾರು ಅಂತ ಹೇಳುವ ಜಾಗದಲ್ಲೇ ಒಂದು ಪಟ್ಟಿ ಇದೆ. ಎ ಇಂದ ಎಚ್‌ವರೆಗೆ ಎಂಟು ಅಕ್ಷರ, ಎಂಟು ಕೆಲಸ. ನಿರ್ಮಾಪಕನಾಗಿಯೋ ನಿರ್ದೇಶಕನಾಗಿಯೋ ಕೆಲಸಕ್ಕೆ ಸೇರಿದ ಒಬ್ಬ ವ್ಯಕ್ತಿ ಈ ಎಂಟನ್ನು ಮಾಡಿದರೆ ಅದು ಬರವಣಿಗೆ ಅಲ್ಲ, ಅದಕ್ಕೆ ಬರಹಗಾರನ ಕೂಲಿಯೂ ಇಲ್ಲ, ಕ್ರೆಡಿಟ್ಟೂ ಇಲ್ಲ. ಅವು ಏನು? ಎಪಿಸೋಡ್ ಉದ್ದವಾದಾಗ ಸಮಯಕ್ಕೆ ಹೊಂದುವಂತೆ ಕತ್ತರಿಸುವುದು. ಕತ್ತರಿಸಿದ ಜಾಗವನ್ನು ಬೆಸೆಯಲು ಬೇಕಾಗುವ ಮಾತು ಸೇರಿಸುವುದು. ತಾಂತ್ರಿಕ ಸೂಚನೆ, ರಂಗಸೂಚನೆ ಬದಲಿಸುವುದು. ನಟರ ಬದಲಾವಣೆಯಿಂದಾಗಿ ಒಂದು ಪಾತ್ರದ ಮಾತನ್ನು ಈಗಾಗಲೇ ಇರುವ ಇನ್ನೊಂದು ಪಾತ್ರಕ್ಕೆ ಕೊಡುವುದು. ಚಾನೆಲ್‌ನ ಒಪ್ಪಿಗೆಗೋ ವಕೀಲರ ಒಪ್ಪಿಗೆಗೋ ಬೇಕಾದ ತಿದ್ದುಪಡಿ. ಶೂಟಿಂಗ್‌ಗೆ ಮುಂಚೆ ಅಥವಾ ಶೂಟಿಂಗ್ ನಡೆಯುವಾಗ ಸಂಭಾಷಣೆಯಲ್ಲಿ ಸಣ್ಣಪುಟ್ಟ ಹೊಂದಾಣಿಕೆ. ಹವಾಮಾನ ಕೆಟ್ಟರೆ, ನಟರಿಗೆ ಪೆಟ್ಟಾದರೆ, ಹೀಗೆ ಎಣಿಸದೇ ಬಂದ ತೊಂದರೆಗೆ ಮಾಡಬೇಕಾದ ಬದಲಾವಣೆ. ಕೊನೆಯದು, ಕಥೆ ಅಥವಾ ಸ್ಕ್ರಿಪ್ಟ್ ಬಗ್ಗೆ ಬರಹಗಾರನಿಗೆ ಬಾಯಲ್ಲೋ ಬರೆದೋ ಕೊಡುವ ಸಲಹೆ ಸೂಚನೆ.

ಇದನ್ನು ನಿಧಾನವಾಗಿ ಓದಿ. ಮೊದಲ ಎರಡನ್ನೇ ತೆಗೆದುಕೊಳ್ಳೋಣ. ಎಡಿಟಿಂಗ್‌ನಲ್ಲಿ ಎಪಿಸೋಡ್ ಮೂರು ನಿಮಿಷ ಜಾಸ್ತಿ ಬಂದಿದೆ ಅಂದುಕೊಳ್ಳಿ. ಜಾಹೀರಾತಿನ ಜಾಗ ಮೊದಲೇ ನಿಗದಿಯಾಗಿರುವ ಚಾನೆಲ್‌ಗೆ ಮೂರು ನಿಮಿಷ ಅಂದರೆ ದೊಡ್ಡದು. ಅಣ್ಣ ತಂಗಿ ಅಡುಗೆಮನೆಯಲ್ಲಿ ಜಗಳವಾಡುವ ಒಂದು ದೃಶ್ಯ ತೆಗೆದರೆ ಲೆಕ್ಕ ಸರಿಹೋಗುತ್ತದೆ. ಆದರೆ ತಂಗಿಗೆ ಸಾಲದ ವಿಷಯ ಗೊತ್ತಾಗುವುದೇ ಆ ಜಗಳದಲ್ಲಿ. ದೃಶ್ಯ ಹೋದರೆ ಮುಂದಿನ ಎರಡು ದೃಶ್ಯಕ್ಕೆ ಅರ್ಥವಿಲ್ಲ. ಆಗ ಯಾರೋ ಒಬ್ಬರು ಯೋಚಿಸಬೇಕು: ಆ ವಿಷಯವನ್ನು ಒಂದು ಫೋನ್ ಮಾತಿನಲ್ಲಿ ತರಬಹುದಾ, ಅವಳ ಬೆನ್ನು ಮಾತ್ರ ಕಾಣುವ ಶಾಟ್ ಇದೆಯಾ, ಇದ್ದರೆ ಅದರ ಮೇಲೆ ಆಮೇಲೆ ಡಬ್ ಮಾಡಿದ ಒಂದು ಸಾಲು ಕೂರಿಸಬಹುದಾ, ಆ ಸಾಲು ಎಂಟೇ ಪದದಲ್ಲಿ ಸಾಲದ ವಿಷಯವನ್ನೂ ಹೇಳಬೇಕು, ಅವಳ ಸಿಟ್ಟನ್ನೂ ಹೇಳಬೇಕು, ಅವಳ ಬಾಯಲ್ಲಿ ಬರುವಂಥ ಮಾತೇ ಆಗಿರಬೇಕು. ಇದು ಬರವಣಿಗೆ ಅಲ್ಲದೆ ಇನ್ನೇನು? ಖಾಲಿ ಹಾಳೆ ಮುಂದಿಟ್ಟುಕೊಂಡು ಬರೆಯುವುದಕ್ಕಿಂತ ಇದು ಕಷ್ಟ ಅಂತ ನಾನು ಹೇಳುತ್ತೇನೆ. ಆದರೂ ಒಪ್ಪಂದದ ಪ್ರಕಾರ ಇದು ಪಟ್ಟಿಯ ಎ ಮತ್ತು ಬಿ. ನಿರ್ಮಾಪಕನ ಕೆಲಸ.

ಮೊದಲ ಸಲ ಓದಿದಾಗ ಈ ಪಟ್ಟಿ ಗಿಲ್ಡ್‌ಗೆ ಸ್ಟುಡಿಯೋಗಳು ಹಾಕಿದ ಬೇಡಿ ಅಂತಲೇ ಅನ್ನಿಸುತ್ತದೆ. ಆದರೆ ಇನ್ನೊಂದು ಮುಖವೂ ಇದೆ. ಮುಷ್ಕರ ಇಲ್ಲದ ದಿನಗಳಲ್ಲಿ ಇದೇ ಪಟ್ಟಿ ಬರಹಗಾರರನ್ನು ಕಾಪಾಡುತ್ತದೆ. ಒಬ್ಬ ನಿರ್ಮಾಪಕ ನಿಮ್ಮ ಸ್ಕ್ರಿಪ್ಟ್‌ನಲ್ಲಿ ನಾಲ್ಕು ಸಾಲು ಕತ್ತರಿಸಿ, ಎರಡು ಪದ ಬದಲಿಸಿ, ಒಂದು ಸಲಹೆ ಕೊಟ್ಟು, ಆಮೇಲೆ ನಾನೂ ಬರೆದಿದ್ದೇನೆ, ನನ್ನ ಹೆಸರನ್ನೂ ಹಾಕಿ ಅಂತ ಬಂದರೆ? ಕ್ರೆಡಿಟ್ ಹಂಚಿಹೋದರೆ ಮರುಪ್ರಸಾರಕ್ಕೆ ಬರುವ ರೆಸಿಡ್ಯುಯಲ್ ದುಡ್ಡೂ ಹಂಚಿಹೋಗುತ್ತದೆ. ಆಗ ಈ ಪಟ್ಟಿ ತೋರಿಸಿ, ನೀನು ಮಾಡಿದ್ದು ಬರವಣಿಗೆ ಅಲ್ಲ ಅನ್ನಬಹುದು. ಅಂದರೆ ಒಂದೇ ಪಟ್ಟಿ ಶಾಂತಿಯ ಕಾಲದಲ್ಲಿ ಬರಹಗಾರನ ಗುರಾಣಿ, ಮುಷ್ಕರದ ಕಾಲದಲ್ಲಿ ಸ್ಟುಡಿಯೋದ ಆಯುಧ. ಗಿಲ್ಡ್ ಇದನ್ನು ಸುಮ್ನೆ ಕಿತ್ತುಹಾಕಿ ಅಂತ ಕೇಳುವುದು ಅಷ್ಟು ಸುಲಭ ಅಲ್ಲ, ಅಲ್ವಾ?

ಮುಷ್ಕರದಲ್ಲಿ ಇದು ಹೇಗೆ ಆಯುಧವಾಯಿತು ಅನ್ನುವುದಕ್ಕೆ 1973ಕ್ಕೆ ಹೋಗಬೇಕು. ಆ ವರ್ಷದ ಮಾರ್ಚ್‌ನಲ್ಲಿ ಗಿಲ್ಡ್ ಮುಷ್ಕರ ಹೂಡಿತು, ಜುಲೈವರೆಗೆ ನಡೆಯಿತು. ಹೈಫನೇಟ್‌ಗಳಿಗೂ ಸೇರಿ ಗಿಲ್ಡ್ ಕಟ್ಟುನಿಟ್ಟಾದ ನಿಯಮ ಹೊರಡಿಸಿತು: ಯಾವ ಕಾರಣಕ್ಕೂ ಪಿಕೆಟ್ ಸಾಲು, ಅಂದರೆ ಸ್ಟುಡಿಯೋ ಮುಂದೆ ಫಲಕ ಹಿಡಿದು ನಿಂತ ಮುಷ್ಕರದವರ ಸಾಲು, ದಾಟಿ ಒಳಗೆ ಹೋಗುವಂತಿಲ್ಲ. ಸ್ಟುಡಿಯೋಗಳು ಇನ್ನೊಂದು ಕಡೆಯಿಂದ ಒತ್ತಾಯ ಹಾಕಿದವು. ನಿಮ್ಮ ನಿರ್ಮಾಪಕನ ಕರಾರು ಹಾಗೇ ಇದೆ, ಬರೆಯಬೇಡಿ, ಆದರೆ ನಿರ್ಮಾಪಕನ ಕೆಲಸಕ್ಕೆ ಬನ್ನಿ, ಬರದಿದ್ದರೆ ಕರಾರು ಮುರಿದಂತೆ. ಕೆಲವರು ಒಳಗೆ ಹೋದರು. ಹೋಗಿ ಮಾಡಿದ್ದು ಮುಖ್ಯವಾಗಿ ನಿರ್ಮಾಪಕನ ಮಾಮೂಲಿ ಕೆಲಸ, ಅದರ ಜೊತೆ ಆ ಎ ಇಂದ ಎಚ್ ಪಟ್ಟಿಯ ಕೆಲಸ. ಮುಷ್ಕರ ನಡೆಯುತ್ತಿರುವಾಗಲೂ, ಮುಗಿದ ಮೇಲೂ ಗಿಲ್ಡ್ ಅವರ ಮೇಲೆ ಶಿಸ್ತು ಕ್ರಮ ಕೈಗೊಂಡಿತು. ದೊಡ್ಡ ದೊಡ್ಡ ದಂಡ ಬಿತ್ತು, ಕೆಲವರನ್ನು ಹೊರಹಾಕಲಾಯಿತು.

ವಿಷಯ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಗೆ ಹೋಯಿತು, ಅಲ್ಲಿಂದ ಕೋರ್ಟಿಗೆ, ಕೊನೆಗೆ ಸುಪ್ರೀಂ ಕೋರ್ಟಿಗೆ. ಅಮೆರಿಕನ್ ಬ್ರಾಡ್‌ಕಾಸ್ಟಿಂಗ್ ಕಂಪನೀಸ್ ವಿರುದ್ಧ ರೈಟರ್ಸ್ ಗಿಲ್ಡ್ ಆಫ್ ಅಮೆರಿಕ, ವೆಸ್ಟ್ ಅನ್ನುವ ಮೊಕದ್ದಮೆ. 1978ರ ಜೂನ್‌ನಲ್ಲಿ ತೀರ್ಪು ಬಂತು. ಐವರು ನ್ಯಾಯಮೂರ್ತಿಗಳು ಗಿಲ್ಡ್ ವಿರುದ್ಧ, ನಾಲ್ವರು ಪರ. ಬಹುಮತದ ತೀರ್ಪು ಬರೆದವರು ಬೈರನ್ ವೈಟ್, ಭಿನ್ನಮತ ಬರೆದವರು ಪಾಟರ್ ಸ್ಟೀವರ್ಟ್.

ಬಹುಮತದ ತರ್ಕ ಹೀಗಿದೆ. ಕಾರ್ಮಿಕರ ಅಹವಾಲು ಕೇಳಿ ಬಗೆಹರಿಸಲು ಮಾಲೀಕ ತನ್ನ ಪ್ರತಿನಿಧಿಯನ್ನು ತಾನೇ ಆರಿಸಿಕೊಳ್ಳುತ್ತಾನೆ. ಆ ಆಯ್ಕೆಯಲ್ಲಿ ಯೂನಿಯನ್ ಒತ್ತಡ ಹಾಕುವಂತಿಲ್ಲ ಅಂತ ಕಾನೂನು ಹೇಳುತ್ತದೆ. ಸೆಟ್‌ನಲ್ಲಿ ಯಾರಿಗಾದರೂ ತಕರಾರು ಬಂದರೆ ಅದನ್ನು ಮೊದಲು ಕೇಳುವವನು ನಿರ್ಮಾಪಕ, ಆದ್ದರಿಂದ ಅವನು ಮಾಲೀಕನ ಪ್ರತಿನಿಧಿ. ಅವನು ಬರೀ ನಿರ್ಮಾಪಕನ ಕೆಲಸಕ್ಕೆ ಒಳಗೆ ಹೋದದ್ದಕ್ಕೆ ಯೂನಿಯನ್ ದಂಡ ಹಾಕಿದರೆ, ಅದು ಮಾಲೀಕನ ಕೈ ಕಟ್ಟಿದಂತೆ. ನಾಲ್ಕು ವರ್ಷ ಮುಂಚೆ, 1974ರಲ್ಲಿ, ಫ್ಲಾರಿಡಾದ ವಿದ್ಯುತ್ ಕಂಪನಿಯೊಂದರ ಮೊಕದ್ದಮೆಯಲ್ಲಿ ಇದೇ ಕೋರ್ಟ್ ಬೇರೆ ತೀರ್ಪು ಕೊಟ್ಟಿತ್ತು: ಮೇಲ್ವಿಚಾರಕ ಮುಷ್ಕರ ನಿರತ ಕೆಲಸಗಾರರ ಕೆಲಸವನ್ನೇ ಮಾಡಿದರೆ ಯೂನಿಯನ್ ಅವನಿಗೆ ದಂಡ ಹಾಕಬಹುದು. ಈ ಎರಡನ್ನೂ ಜೋಡಿಸಿದರೆ ಹೈಫನೇಟ್‌ಗಳಿಗೆ ಸಿಗುವ ಗೆರೆ ಇದು. ಪೆನ್ ಹಿಡಿದು ಸ್ಕ್ರಿಪ್ಟ್ ಬರೆದರೆ ಗಿಲ್ಡ್ ಹಿಡಿಯಬಹುದು. ನಿರ್ಮಾಪಕನ ಕುರ್ಚಿಯಲ್ಲಿ ಕೂತರೆ ಹಿಡಿಯುವಂತಿಲ್ಲ.

ಈ ತೀರ್ಪು ತಪ್ಪು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಕಾರ್ಖಾನೆಯ ಮೇಸ್ತ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಾನೂನನ್ನು ಬರಹಗಾರರ ಕೋಣೆಗೆ ತಂದು ಹೊಂದಿಸಿದರು. ಆ ಮೇಸ್ತ್ರಿ ಯಂತ್ರ ಮುಟ್ಟದೇ ಮೇಲ್ವಿಚಾರಣೆ ಮಾಡಬಲ್ಲ. ಶೋರನ್ನರ್ ಬರೆಯದೇ ಸರಣಿ ನಡೆಸಲು ಆಗುವುದಿಲ್ಲ, ಯಾಕೆಂದರೆ ಅವರ ಮೇಲ್ವಿಚಾರಣೆಯೇ ಬರವಣಿಗೆಯ ಮೇಲೆ ನಡೆಯುವುದು. ಅದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ಇದೆ. ಈ ಜನರನ್ನು ನಿರ್ಮಾಪಕರು ಅಂತ ಹೆಸರಿಟ್ಟು ಕರೆದದ್ದು ಸ್ಟುಡಿಯೋಗಳೇ. ಅನುಭವಿ ಬರಹಗಾರನಿಗೆ ಬಡ್ತಿ ಕೊಡುವ ರೀತಿಯೇ ಅಲ್ಲಿ ಅದು. ಬಡ್ತಿಯ ಹೆಸರನ್ನೇ ಹಿಡಿದು ಮುಷ್ಕರದ ದಿನ ನೀನು ನಮ್ಮವನು ಅನ್ನುವುದು ನ್ಯಾಯವಲ್ಲ. ನಾಲ್ವರು ನ್ಯಾಯಮೂರ್ತಿಗಳು ಒಪ್ಪದೇ ಹೋಗಿದ್ದೂ ಹೆಚ್ಚುಕಡಿಮೆ ಇದೇ ಕಾರಣಕ್ಕೆ: ತನ್ನದೇ ಸದಸ್ಯರನ್ನು ಮುಷ್ಕರಕ್ಕೆ ಬದ್ಧರಾಗಿ ಇಟ್ಟುಕೊಳ್ಳುವ ಶಕ್ತಿಯನ್ನೇ ಯೂನಿಯನ್‌ನಿಂದ ಕಿತ್ತುಕೊಂಡಂತೆ ಆಗುತ್ತದೆ ಅಂತ.

ತೀರ್ಪಿನ ಪರ ಮಾತಾಡುವವರ ಒಂದು ವಾದವನ್ನು ಮಾತ್ರ ತಳ್ಳಿಹಾಕೋಕೆ ಆಗುವುದಿಲ್ಲ. ಹೈಫನೇಟ್ ಎರಡು ಕರಾರಿಗೆ ಸಹಿ ಹಾಕಿರುತ್ತಾನೆ, ಎರಡೂ ಕಡೆ ಸಂಬಳ ಪಡೆದಿರುತ್ತಾನೆ. ಒಂದು ಕಡೆ ಗಿಲ್ಡ್ ದಂಡ, ಇನ್ನೊಂದು ಕಡೆ ಕರಾರು ಮುರಿದದ್ದಕ್ಕೆ ಸ್ಟುಡಿಯೋದ ಮೊಕದ್ದಮೆ. ಎರಡು ದೋಣಿಯ ಮೇಲೆ ಕಾಲಿಟ್ಟವನ ಪಾಡು. 1973ರಲ್ಲಿ ಒಳಗೆ ಹೋದವರನ್ನು ದ್ರೋಹಿಗಳು ಅಂತ ಕರೆಯೋಕೆ ನನಗೆ ಮನಸ್ಸಿಲ್ಲ. ಅವರನ್ನು ಆ ಇಕ್ಕಟ್ಟಿಗೆ ತಂದು ನಿಲ್ಲಿಸಿದ ವ್ಯವಸ್ಥೆಯ ಮೇಲೆ ನನಗೆ ಸಿಟ್ಟು.

ಸರಿ, 1978ರ ಮೇಲೆ ಗಿಲ್ಡ್ ಕೈಕಟ್ಟಿ ಕೂತಿತಾ? ಇಲ್ಲ. ಮುಂದಿನ ಕಥೆ ನನಗೆ ತುಂಬಾ ಖುಷಿ ಕೊಡುತ್ತದೆ.

2007ರ ನವೆಂಬರ್ 5ರಂದು ಗಿಲ್ಡ್ ಮತ್ತೆ ಮುಷ್ಕರಕ್ಕೆ ಇಳಿಯಿತು. ನೂರು ದಿನ ನಡೆದ ಮುಷ್ಕರ ಅದು. ಮುಖ್ಯ ಜಗಳ ಇಂಟರ್‌ನೆಟ್‌ನಲ್ಲಿ ತೋರಿಸುವ ಸರಣಿಗಳ ದುಡ್ಡಿನ ಬಗ್ಗೆ. ಸ್ಟುಡಿಯೋಗಳ ಕೈಯಲ್ಲಿ ಬರೆದಿಟ್ಟ ಸ್ಕ್ರಿಪ್ಟ್‌ಗಳಿದ್ದವು. ಶೋರನ್ನರ್‌ಗಳು ನಿರ್ಮಾಪಕರಾಗಿ ಒಳಗೆ ಬಂದು ಅವನ್ನು ಶೂಟ್ ಮಾಡಿಸಿ, ಎಡಿಟ್ ಮಾಡಿಸಿ ಕೊಟ್ಟರೆ ಕೆಲವು ವಾರ ನಿಭಾಯಿಸಬಹುದಿತ್ತು. ಕಾನೂನು ಅವರಿಗೆ ಹೋಗೋಕೆ ಬಿಟ್ಟಿತ್ತು. ಆದರೆ ತುಂಬಾ ಜನ ಹೋಗಲಿಲ್ಲ. ಮೊದಲ ವಾರದಲ್ಲೇ ಬರ್ಬ್ಯಾಂಕ್‌ನ ಡಿಸ್ನಿ ಸ್ಟುಡಿಯೋ ಮುಂದೆ ದೊಡ್ಡ ದೊಡ್ಡ ಸರಣಿಗಳ ಶೋರನ್ನರ್‌ಗಳು ಗುಂಪಾಗಿ ಬಂದು ಫಲಕ ಹಿಡಿದು ನಿಂತರು. ಎಡಿಟಿಂಗ್‌ಗೂ ಹೋಗುವುದಿಲ್ಲ, ಸೆಟ್‌ಗೂ ಹೋಗುವುದಿಲ್ಲ ಅಂದರು. ಬೇಗ ಬೇಗ ಶೂಟಿಂಗ್‌ಗಳು ನಿಂತವು. ಕೋರ್ಟ್ ಗಿಲ್ಡ್ ಕೈಯಿಂದ ಕಿತ್ತುಕೊಂಡಿದ್ದನ್ನು ಸದಸ್ಯರು ತಾವಾಗಿಯೇ ತಂದುಕೊಟ್ಟರು.

ಗಿಲ್ಡ್‌ನ ಮುಷ್ಕರ ನಿಯಮಗಳ ಭಾಷೆಯನ್ನೂ ಗಮನಿಸಬೇಕು. ಎ ಇಂದ ಎಚ್ ಪಟ್ಟಿಯ ಕೆಲಸಗಳನ್ನು ಸದಸ್ಯರು ಮಾಡಬಾರದು ಅಂತ ಅದು ನೇರವಾಗಿ ಹೇಳುತ್ತದೆ. ಪಟ್ಟಿಯಲ್ಲಿ ಇಲ್ಲದ, ಶುದ್ಧ ನಿರ್ಮಾಣದ ಕೆಲಸದ ಬಗ್ಗೆ ಮಾತ್ರ ಧಾಟಿ ಬದಲಾಗುತ್ತದೆ. ಯಾವ ಸದಸ್ಯರೂ ಪಿಕೆಟ್ ದಾಟಬಾರದು ಅನ್ನುವುದು ಗಿಲ್ಡ್‌ನ ಬಲವಾದ ನಂಬಿಕೆ ಅಂತ ಬರೆಯುತ್ತಾರೆ. ಅಪ್ಪಣೆ ಹೋಗಿ ನಂಬಿಕೆ ಬಂದಿದೆ. ಅದರ ಹಿಂದೆ ಇರುವುದು 1978ರ ತೀರ್ಪು.

ಎಲ್ಲರೂ ಹೊರಗೆ ನಿಂತರು ಅಂತಲ್ಲ. ಫೈನಾನ್ಶಿಯಲ್ ಕೋರ್ ಅನ್ನುವ ಒಂದು ದಾರಿ ಇದೆ. ಪೂರ್ಣ ಸದಸ್ಯತ್ವ ಬಿಟ್ಟುಕೊಟ್ಟು ಕಡಿಮೆ ಶುಲ್ಕ ಕಟ್ಟಿದರೆ ಗಿಲ್ಡ್‌ನ ಶಿಸ್ತು ಕ್ರಮ ತಟ್ಟುವುದಿಲ್ಲ, ಮುಷ್ಕರದಲ್ಲೂ ಕೆಲಸ ಮಾಡಬಹುದು. ಆ ಮುಷ್ಕರದ ವೇಳೆ ಆ ದಾರಿ ಹಿಡಿದ 28 ಜನರ ಹೆಸರನ್ನು ಗಿಲ್ಡ್ ಆಮೇಲೆ ಬಹಿರಂಗಪಡಿಸಿತು. ಹೆಸರು ಹಾಕಿದ್ದು ಸರಿಯಾ ಅಂತ ಆಗ ವಾದವಾಯಿತು. ನನ್ನ ಗಮನ ಹೋಗುವುದು ಆ ಸಂಖ್ಯೆಯ ಕಡೆ. ಸಾವಿರಾರು ಸದಸ್ಯರಿರುವ ಯೂನಿಯನ್‌ನಲ್ಲಿ, ಮೂರು ತಿಂಗಳಿಗೂ ಮೀರಿದ ಮುಷ್ಕರದಲ್ಲಿ, 28.

2023ರ ಮುಷ್ಕರ ಮೇ 2ರಿಂದ ಸೆಪ್ಟೆಂಬರ್ 27ರವರೆಗೆ, 148 ದಿನ. ಈ ಸಲವೂ ಹಳೆಯ ನಾಟಕದ ಅದೇ ಮೊದಲ ಅಂಕ: ನಿಮ್ಮ ನಿರ್ಮಾಪಕನ ಕರಾರು ಜಾರಿಯಲ್ಲಿದೆ, ಬರೆಯುವುದು ಬಿಟ್ಟು ಉಳಿದ ಕೆಲಸಕ್ಕೆ ಬನ್ನಿ ಅಂತ ಶೋರನ್ನರ್‌ಗಳಿಗೆ ಸ್ಟುಡಿಯೋಗಳಿಂದ ಪತ್ರ ಹೋಯಿತು. ಅನೇಕರು ಬರುವುದಿಲ್ಲ ಅಂದರು. ಗಿಲ್ಡ್ ಪರವಾಗಿ ಮಾತುಕತೆಗೆ ಕೂತ ಸಮಿತಿಯ ಮುಂದಾಳುಗಳಾದ ಕ್ರಿಸ್ ಕೈಸರ್, ಡೇವಿಡ್ ಗುಡ್‌ಮನ್ ಇಬ್ಬರೂ ಸರಣಿಗಳನ್ನು ನಡೆಸಿದವರೇ. ಈ ಯೂನಿಯನ್‌ನಲ್ಲಿ ಇದು ಮೊದಲಿಂದ ಇರುವ ವಿಷಯ, ಜಾನ್ ವೆಲ್ಸ್ ಅವರಂಥ ಪ್ರಬಲ ಶೋರನ್ನರ್ ಎರಡು ಅವಧಿಗೆ ಪಶ್ಚಿಮ ಶಾಖೆಯ ಅಧ್ಯಕ್ಷರಾಗಿದ್ದರು. ಕಾನೂನು ಯಾರನ್ನು ಮಾಲೀಕನ ಪ್ರತಿನಿಧಿ ಅನ್ನುತ್ತದೋ ಅವರೇ ಕಾರ್ಮಿಕರ ಪರ ಮೇಜಿನ ಈ ಕಡೆ ಕೂತಿದ್ದರು.

ಆದರೆ 2023ರಲ್ಲಿ ನಿಜವಾಗಿ ಹೊಸದಾಗಿ ನಡೆದದ್ದು ದುಡ್ಡಿನ ವಿಷಯದಲ್ಲಿ. ಅದಕ್ಕೆ ಆರ್ಟಿಕಲ್ 14 ಅರ್ಥವಾಗಬೇಕು. ಬರೆಯುವುದರ ಜೊತೆ ಬೇರೆ ಹೊಣೆಯನ್ನೂ ಹೊತ್ತವರಿಗಾಗಿಯೇ ಇರುವ ಭಾಗ ಅದು. ಸ್ಟಾಫ್ ರೈಟರ್ ಮೆಟ್ಟಿಲು ದಾಟಿದವರೆಲ್ಲ ಇದರ ಕೆಳಗೆ ಬರುತ್ತಾರೆ. ವಾರಕ್ಕೆ ಇಷ್ಟು ಅಂತ ಕನಿಷ್ಠ ಸಂಬಳ ಗೊತ್ತುಮಾಡುತ್ತದೆ, ಎಪಿಸೋಡ್ ಬರೆದರೆ ಅದರ ಫೀ ಬೇರೆ. ಇದು ಇಲ್ಲದಿದ್ದರೆ ಏನಾಗುತ್ತಿತ್ತು ಗೊತ್ತಾ? ನಿನಗೆ ಕೊಡುವ ದುಡ್ಡೆಲ್ಲ ನಿರ್ಮಾಪಕನ ಸಂಬಳ, ಬರೆದಿದ್ದಕ್ಕೆ ಏನೂ ಇಲ್ಲ ಅಂತ ಕಂಪನಿ ಕಾಗದದಲ್ಲಿ ತೋರಿಸಬಹುದಿತ್ತು. ಗಿಲ್ಡ್‌ನ ಪಿಂಚಣಿ, ವಿಮೆ ನಿಧಿಗೆ ಮಾಲೀಕರು ಕಟ್ಟುವುದು ಬರವಣಿಗೆಯ ಸಂಪಾದನೆಯ ಮೇಲೆ. ಆ ಸಂಪಾದನೆಯನ್ನು ಬೇರೆ ಹೆಸರಿನಲ್ಲಿ ತೋರಿಸಿದರೆ ಕಟ್ಟುವುದೇ ಬೇಡ. ಆರ್ಟಿಕಲ್ 14 ಆ ಬಾಗಿಲನ್ನು ಮುಚ್ಚುತ್ತದೆ.

ಹಳೆಯ ಪದ್ಧತಿಯಲ್ಲಿ ನಿರ್ಮಾಪಕ ಮೆಟ್ಟಿಲಿನವರಿಗೆ ಎಪಿಸೋಡಿಗೆ ಇಷ್ಟು ಅಂತ ಸಂಬಳ. 22 ಎಪಿಸೋಡ್ ಇದ್ದಾಗ ಅದು ಚೆನ್ನಾಗಿತ್ತು. ಸ್ಟ್ರೀಮಿಂಗ್ ಬಂದ ಮೇಲೆ ಸೀಸನ್‌ಗೆ ಎಂಟೋ ಹತ್ತೋ ಎಪಿಸೋಡ್, ಆದರೆ ಒಂದೊಂದಕ್ಕೆ ಹಿಡಿಯುವ ಸಮಯ ಮೊದಲಿಗಿಂತ ಜಾಸ್ತಿ. ಎಪಿಸೋಡಿಗೆ ಅಷ್ಟೇ ದುಡ್ಡು, ವಾರಗಟ್ಟಲೆ ಜಾಸ್ತಿ ಕೆಲಸ. ಕರಾರು ಬಿಗಿಯಾಗಿದ್ದರೆ ಬೇರೆ ಸರಣಿಗೆ ಹೋಗುವಂತೆಯೂ ಇಲ್ಲ. 2017ರ ಒಪ್ಪಂದದಲ್ಲಿ ಇದಕ್ಕೆ ಒಂದು ತಡೆ ಬಂತು. ಒಂದು ಎಪಿಸೋಡ್‌ನ ಫೀ 2.4 ವಾರದ ಕೆಲಸಕ್ಕೆ ಸಮ, ಅದಕ್ಕಿಂತ ಹೆಚ್ಚು ವಾರ ದುಡಿಸಿದರೆ ಹೆಚ್ಚು ಕೊಡಬೇಕು. ಒಂದು ಮಿತಿಗಿಂತ ಕಡಿಮೆ ಗಳಿಸುವವರಿಗೆ ಮಾತ್ರ ಅನ್ನುವ ಷರತ್ತು ಇತ್ತು. ಆದರೂ ನಿರ್ಮಾಪಕ ಅನ್ನುವ ಹೆಸರಿನ ಹಿಂದೆ ವಾರದ ಕೂಲಿ ಲೆಕ್ಕದ ಕೆಲಸಗಾರ ಇದ್ದಾನೆ ಅಂತ ಸ್ಟುಡಿಯೋಗಳು ಕಾಗದದಲ್ಲಿ ಒಪ್ಪಿದ್ದು ಸಣ್ಣ ವಿಷಯ ಅಲ್ಲ.

ಆದರೂ ಸಂಬಳ ಇಳಿಯುತ್ತಲೇ ಹೋಯಿತು. 2023ರ ಮುಷ್ಕರಕ್ಕೆ ಮುಂಚೆ ಗಿಲ್ಡ್ ಪ್ರಕಟಿಸಿದ ಲೆಕ್ಕ ನೋಡಿ: 2013–14ರಲ್ಲಿ ಸರಣಿ ಬರಹಗಾರರಲ್ಲಿ ಮೂರನೇ ಒಂದು ಭಾಗ ಒಪ್ಪಂದದ ಕನಿಷ್ಠ ಸಂಬಳಕ್ಕೆ ದುಡಿಯುತ್ತಿದ್ದರೆ, 2021–22ಕ್ಕೆ ಅದು ಅರ್ಧಕ್ಕೆ ಬಂದಿತ್ತು. ಬರಹಗಾರ-ನಿರ್ಮಾಪಕರ ವಾರದ ಸಂಬಳ, ಬೆಲೆಯೇರಿಕೆ ಲೆಕ್ಕ ಹಾಕಿದರೆ, ಹತ್ತು ವರ್ಷದಲ್ಲಿ ಶೇಕಡಾ 23 ಬಿದ್ದಿತ್ತು. ಇನ್ನೊಂದು ಅನ್ಯಾಯ ಆ ಒಪ್ಪಂದದಲ್ಲೇ ಇತ್ತು. ಸ್ಟೋರಿ ಎಡಿಟರ್‌ಗೂ, ಹದಿನೈದು ವರ್ಷ ಅನುಭವ ಇರುವ ಕೋ-ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್‌ಗೂ ಕನಿಷ್ಠ ಸಂಬಳ ಒಂದೇ. ಮೊದಲೆಲ್ಲ ಅನುಭವಿಗಳು ಕನಿಷ್ಠಕ್ಕಿಂತ ಎಷ್ಟೋ ಮೇಲೆ ಗಳಿಸುತ್ತಿದ್ದುದರಿಂದ ಇದು ಯಾರಿಗೂ ತಾಗಿರಲಿಲ್ಲ. ಎಲ್ಲರನ್ನೂ ಕನಿಷ್ಠಕ್ಕೆ ತಳ್ಳಿದಾಗ ತಾಗಿತು.

2023ರ ಒಪ್ಪಂದ ಇಲ್ಲಿ ಕೈಹಾಕಿತು. ಬರಹಗಾರ-ನಿರ್ಮಾಪಕರಿಗೆ ಅಂತಲೇ ಬೇರೆ ಮೆಟ್ಟಿಲು, ಸ್ಟೋರಿ ಎಡಿಟರ್ ದರಕ್ಕಿಂತ ಶೇಕಡಾ 9.5 ಜಾಸ್ತಿ. ಹಸಿರು ನಿಶಾನೆ ಸಿಕ್ಕ ಸರಣಿಯಲ್ಲಿ ಎಪಿಸೋಡ್ ಸಂಖ್ಯೆಗೆ ತಕ್ಕಂತೆ ಇಷ್ಟು ಬರಹಗಾರರು ಇರಲೇಬೇಕು, ಅವರಲ್ಲಿ ಮೂವರು ಬರಹಗಾರ-ನಿರ್ಮಾಪಕರಾಗಿರಬೇಕು, ಶೋರನ್ನರ್ ಅವರಲ್ಲಿ ಒಬ್ಬರಾಗಬಹುದು. ಎಲ್ಲ ಎಪಿಸೋಡನ್ನೂ ಒಬ್ಬರೇ ಬರೆಯುವ ಸರಣಿಗೆ ಈ ಷರತ್ತಿಲ್ಲ. ಅದರ ಜೊತೆ, ಶೂಟಿಂಗ್ ನಡೆಯುವಾಗಲೂ ಬರಹಗಾರರನ್ನು ಸಂಬಳಕ್ಕೆ ಇಟ್ಟುಕೊಳ್ಳಬೇಕು ಅನ್ನುವ ನಿಯಮ ಬಂತು. ಏಣಿಯ ಕೆಳಗೆ ಇರುವ ಸ್ಟಾಫ್ ರೈಟರ್‌ಗೆ ಎಪಿಸೋಡ್ ಬರೆದರೆ ವಾರದ ಸಂಬಳದ ಮೇಲೆ ಸ್ಕ್ರಿಪ್ಟ್ ಫೀ ಸಿಗುವುದೂ ಈ ಸಲವೇ.

ಶೂಟಿಂಗ್ ವೇಳೆಯ ಆ ನಿಯಮ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮಿನಿ ರೂಮ್ ಅನ್ನುವ ಪದ್ಧತಿ ಬಂದ ಮೇಲೆ ನಾಲ್ಕಾರು ಜನರನ್ನು ಕೆಲವೇ ವಾರ ಕೂರಿಸಿ, ಸ್ಕ್ರಿಪ್ಟ್ ಬರೆಸಿ, ಶೂಟಿಂಗ್ ಶುರುವಾಗುವ ಮುಂಚೆ ಮನೆಗೆ ಕಳಿಸುತ್ತಿದ್ದರು. ಅವರು ಸೆಟ್ ನೋಡುವುದೇ ಇಲ್ಲ. ಕೋ-ಪ್ರೊಡ್ಯೂಸರ್ ಅಂತ ಹೆಸರು ಬಂದಿರುತ್ತದೆ, ನಿರ್ಮಾಣ ಅಂದರೆ ಏನು ಅಂತ ಕಣ್ಣಾರೆ ಕಂಡಿರುವುದಿಲ್ಲ. ಇಂಥವರು ನಾಳೆ ಶೋರನ್ನರ್ ಆಗುವುದು ಹೇಗೆ? ಮೂರು ನಿಮಿಷ ಕತ್ತರಿಸಿ ಎಂಟು ಪದದಲ್ಲಿ ಬೆಸೆಯುವುದನ್ನು ಯಾವ ತರಗತಿಯೂ ಕಲಿಸುವುದಿಲ್ಲ, ಎಡಿಟರ್ ಪಕ್ಕದಲ್ಲಿ ಕೂತೇ ಕಲಿಯಬೇಕು. ಗಿಲ್ಡ್ 2005ರಿಂದಲೇ ಶೋರನ್ನರ್ ತರಬೇತಿ ಕಾರ್ಯಕ್ರಮ ನಡೆಸುತ್ತಾ ಬಂದಿದೆ, ಒಳ್ಳೆಯ ಕೆಲಸ. ಆದರೂ ಸೆಟ್‌ನಲ್ಲಿ ನಿಲ್ಲುವುದಕ್ಕೆ ಅದು ಬದಲಿ ಆಗಲಾರದು.

ಕ್ರೆಡಿಟ್ ಬಗ್ಗೆಯೂ ಎರಡು ಮಾತು ಹೇಳಬೇಕು, ಯಾಕೆಂದರೆ ಇಲ್ಲಿ ಗಿಲ್ಡ್ ತನ್ನದೇ ಹೈಫನೇಟ್‌ಗಳ ಮೇಲೂ ಕಣ್ಣಿಡುತ್ತದೆ. ಶೋರನ್ನರ್ ಪ್ರತಿ ಸ್ಕ್ರಿಪ್ಟನ್ನೂ ತಿದ್ದುತ್ತಾರೆ, ಕೆಲವನ್ನು ಬುಡದಿಂದ ಹೊಸದಾಗಿ ಬರೆಯುತ್ತಾರೆ. ಹೆಸರು ಮಾತ್ರ ಮೊದಲು ಬರೆದವರದೇ ಇರಲಿ ಅಂತ ಬಿಡುವುದು ಎಷ್ಟೋ ಕೋಣೆಗಳ ಒಳ್ಳೆಯ ರೂಢಿ. ಹಾಗೆ ಬಿಡದೆ, ನಿರ್ಮಾಪಕನ ಹುದ್ದೆಯಲ್ಲಿ ಇರುವವನು ಆ ಹುದ್ದೆ ಇಲ್ಲದ ಬರಹಗಾರನ ಜೊತೆ ತನ್ನ ಹೆಸರನ್ನೂ ಸೇರಿಸಲು ಹೊರಟರೆ, ಸಾಮಾನ್ಯವಾಗಿ ಗಿಲ್ಡ್‌ನ ಪಂಚಾಯ್ತಿ ತಾನಾಗಿಯೇ ಶುರುವಾಗುತ್ತದೆ. ಯಾರೂ ದೂರು ಕೊಡಬೇಕಾಗಿಲ್ಲ. ಈ ನಿಯಮ ಬರೆದವರಿಗೆ ನನ್ನ ಮೆಚ್ಚುಗೆ. ತನ್ನ ಮುಂದಿನ ಸೀಸನ್‌ನ ಕೆಲಸ ಯಾರ ಕೈಯಲ್ಲಿದೆಯೋ ಅವರ ವಿರುದ್ಧ ಹೊಸ ಬರಹಗಾರ ಬಾಯಿಬಿಡುವುದು ಎಷ್ಟು ಕಷ್ಟ ಅಂತ ಅವರಿಗೆ ಗೊತ್ತಿತ್ತು.

ಒಬ್ಬರೇ ಮನುಷ್ಯರನ್ನು ಸ್ಟುಡಿಯೋದಿಂದಲೂ ಕಾಪಾಡಬೇಕು, ಅವರಿಂದ ಅವರ ಕೈಕೆಳಗಿನವರನ್ನೂ ಕಾಪಾಡಬೇಕು. ಈ ಯೂನಿಯನ್ ನಿಯಮಗಳು ಇಷ್ಟು ಸಿಕ್ಕುಸಿಕ್ಕಾಗಿರುವುದು ಅದಕ್ಕೇ. ಶೋರನ್ನರ್‌ಗಳನ್ನು ಗಿಲ್ಡ್‌ನಿಂದ ಹೊರಗಿಟ್ಟರೆ ಸರಳವಾಗುತ್ತದೆ ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಶೋರನ್ನರ್ ಹೊರಗೆ ಹೋದರೆ ಸ್ಟಾಫ್ ರೈಟರ್‌ನ ಮುಷ್ಕರಕ್ಕೆ ಬಲವೇ ಇರುವುದಿಲ್ಲ, ಉಳಿದವರು ಫಲಕ ಹಿಡಿದು ನಿಂತಿರುವಾಗ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ.

2023ರ ಒಪ್ಪಂದಕ್ಕೆ 2026ರ ಮೇ 1ರವರೆಗೆ ಮೂರು ವರ್ಷದ ಅವಧಿ ಗೊತ್ತುಮಾಡಿದ್ದರು. ಹೊಸ ಒಪ್ಪಂದಕ್ಕೆ ಎರಡೂ ಕಡೆಯವರು ಮೇಜಿಗೆ ಕೂರುವಾಗ ಆ ಎಂಟು ಅಕ್ಷರಗಳ ಬಗ್ಗೆ ನಾನು ಕೇಳಿಕೊಳ್ಳುವುದು ಒಂದೇ. ಪಟ್ಟಿ ಇರಲಿ, ಕ್ರೆಡಿಟ್ ಕಾಪಾಡೋಕೆ ಅದು ಬೇಕು. ಆದರೆ ಗಿಲ್ಡ್ ಸದಸ್ಯರು ಆ ಕೆಲಸ ಮಾಡಿದರೆ ಅದು ಬರವಣಿಗೆಯೇ ಅಂತ, ಮುಷ್ಕರದ ದಿನಕ್ಕೂ ಅನ್ವಯಿಸುವ ಹಾಗೆ, ಒಂದು ಸಾಲು ಒಪ್ಪಂದದಲ್ಲೇ ಸೇರಲಿ. ಸ್ಟುಡಿಯೋಗಳು ಸುಲಭಕ್ಕೆ ಒಪ್ಪುವುದಿಲ್ಲ, ಗೊತ್ತು. 2.4 ವಾರದ ಲೆಕ್ಕಕ್ಕೂ, ಶೂಟಿಂಗ್ ವೇಳೆ ಬರಹಗಾರರು ಇರಬೇಕು ಅನ್ನುವುದಕ್ಕೂ ಅವರು ಸುಲಭಕ್ಕೆ ಒಪ್ಪಿರಲಿಲ್ಲ.